ಝೀರೋ ಬಿಲ್ ಮನೆಗೆ ಎಲ್‌ಇಡಿ ಯಾಕೆ? ಬಲ್ಬು, ಟ್ಯೂಬ್‌ಲೈಟು ಮತ್ತು ಗೃಹಜ್ಯೋತಿಯ ಲೆಕ್ಕ

"ಹೆಂಗೂ ಬಿಲ್ಲು ಝೀರೋ ಬರ್ತಿದೆ, ಇನ್ಯಾಕೆ ಎಲ್‌ಇಡಿ?" ಈ ಪ್ರಶ್ನೆ ಈಗ ಬಹಳ ಮನೆಗಳಲ್ಲಿದೆ. ಸೋಮಾರಿತನದ ಪ್ರಶ್ನೆ ಅಂತ ತಳ್ಳಿಹಾಕುವಂತಿಲ್ಲ, ಯಾಕಂದ್ರೆ ಕೇಳುವವರ ಲೆಕ್ಕ ಸರಿಯಾಗೇ ಇದೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಯೋಜನೆಯಲ್ಲಿ ರಾಜ್ಯದ ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಕರೆಂಟ್ ಬಿಲ್ಲನ್ನು ಪೂರ್ತಿ ಅಥವಾ ಭಾಗಶಃ ಸರ್ಕಾರ ಕಟ್ಟುತ್ತಿದೆ. "ಬಲ್ಬ್ ಬದಲಿಸಿ, ಹಣ ಉಳಿಸಿ" ಅನ್ನೋ ಹಳೆಯ ಮಾತು ನಿಂತಿದ್ದು, ಬಿಲ್ ಕಟ್ಟುವವರು ನಾವು ಅನ್ನುವುದರ ಮೇಲೆ. ಆ ಆಧಾರವೇ ಬದಲಾಗಿದೆ.

ಹಾಗಾದ್ರೆ ಉಳಿತಾಯ ಯಾರದ್ದು? ಬಲ್ಬು, ಟ್ಯೂಬು ಬದಲಿಸುವ ಖರ್ಚು ಯಾರು ಹೊರಬೇಕು? ಇದಕ್ಕೆ ಉತ್ತರ ಬೇಕಾದರೆ ಮನೆಯಲ್ಲಿ ಯಾವುದು ಎಷ್ಟು ಕರೆಂಟು ತಿನ್ನುತ್ತೆ ಅನ್ನೋದರಿಂದ ಶುರು ಮಾಡಬೇಕು.

ವ್ಯಾಟ್ ನೋಡಬೇಡಿ, ಲ್ಯೂಮೆನ್ ನೋಡಿ

ಅಂಗಡಿಯಲ್ಲಿ ನಾವಿನ್ನೂ "60ರ ಬಲ್ಬು ಕೊಡಿ" ಅಂತ ಕೇಳುತ್ತೇವೆ. ವ್ಯಾಟ್ ಅಂದ್ರೆ ಬಲ್ಬು ಎಷ್ಟು ಕರೆಂಟು ಎಳೆಯುತ್ತೆ ಅನ್ನೋದು. ಎಷ್ಟು ಬೆಳಕು ಕೊಡುತ್ತೆ ಅನ್ನೋದನ್ನ ಅಳೆಯೋದು ಲ್ಯೂಮೆನ್‌ನಲ್ಲಿ. 60 ವ್ಯಾಟಿನ ಹಳೆಯ ತಂತಿ ಬಲ್ಬು ಸುಮಾರು 700 ಲ್ಯೂಮೆನ್ ಬೆಳಕು ಕೊಡುತ್ತೆ. 9 ವ್ಯಾಟಿನ ಎಲ್‌ಇಡಿ 800ರಿಂದ 900 ಕೊಡುತ್ತೆ.

ಹಳೆಯ ಬಲ್ಬಿನ ಕೆಲಸ ಅಂದ್ರೆ ಟಂಗ್‌ಸ್ಟನ್ ತಂತಿಯನ್ನು ಎರಡೂವರೆ ಸಾವಿರ ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾಯಿಸಿ ಬೆಳಗಿಸೋದು. ಎಳೆದ ಕರೆಂಟಿನಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ಶೇ. 5ರ ಆಸುಪಾಸು, ಉಳಿದದ್ದೆಲ್ಲ ಶಾಖ. ಕೋಳಿಮರಿ ಸಾಕುವವರು ಗೂಡಿನಲ್ಲಿ ಅದನ್ನೇ ತೂಗುಹಾಕೋದು ಸುಮ್ಮನೆ ಅಲ್ಲ. ಎಲ್‌ಇಡಿಯಲ್ಲಿ ತಂತಿಯೇ ಇಲ್ಲ, ಅರೆವಾಹಕದ ಚಿಪ್ಪು ನೇರವಾಗಿ ಬೆಳಕು ಸೂಸುತ್ತೆ. ಕೆಂಪು, ಹಸಿರು ಎಲ್‌ಇಡಿಗಳು ದಶಕಗಳಿಂದ ಇದ್ದವು. ಪ್ರಖರ ನೀಲಿ ಸಿಕ್ಕ ಮೇಲಷ್ಟೇ ಬಿಳಿ ಬೆಳಕು ಸಾಧ್ಯವಾಗಿದ್ದು. ಆ ನೀಲಿಗೆ ಅಕಸಾಕಿ, ಅಮಾನೊ, ನಕಮುರಾ ಅನ್ನೋ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ನಿಮ್ಮ ಮನೆಯಲ್ಲಿ ಏನು ಉರೀತಿದೆ?

ಒಂದು ಯೂನಿಟ್ ಅಂದ್ರೆ 1,000 ವ್ಯಾಟ್ ಒಂದು ಗಂಟೆ. ಇಷ್ಟು ಗೊತ್ತಿದ್ದರೆ ಉಳಿದದ್ದು ಗುಣಾಕಾರ. ದಿನಕ್ಕೆ 5 ಗಂಟೆ ಉರಿಯೋ 60 ವ್ಯಾಟ್ ಬಲ್ಬು ತಿಂಗಳಿಗೆ 9 ಯೂನಿಟ್ ತಿನ್ನುತ್ತೆ. ಅದೇ ಜಾಗದಲ್ಲಿ 9 ವ್ಯಾಟ್ ಎಲ್‌ಇಡಿ ಇದ್ದರೆ ಒಂದೂವರೆ ಯೂನಿಟ್ಟೂ ಆಗಲ್ಲ.

ಆದರೆ ಪಟ್ಟಣದ ಮನೆಗಳಲ್ಲಿ ತಂತಿ ಬಲ್ಬು ಈಗ ಅಪರೂಪ. ಬಚ್ಚಲು, ಮೆಟ್ಟಿಲ ಕೆಳಗೆ, ದನದ ಕೊಟ್ಟಿಗೆ, ಅಷ್ಟೇ. ಕಣ್ಣಿಗೆ ಬೀಳದೆ ಕರೆಂಟು ತಿನ್ನೋ ಇನ್ನೆರಡು ವಸ್ತು ಇವೆ.

ಮೊದಲನೆಯದು ಹಳೆಯ ಟ್ಯೂಬ್‌ಲೈಟು. ಟ್ಯೂಬಿನ ಮೇಲೆ 36 ಅಥವಾ 40 ವ್ಯಾಟ್ ಅಂತ ಬರೆದಿರುತ್ತೆ. ಪಟ್ಟಿಯೊಳಗೆ ಕೂತಿರುವ ತಾಮ್ರದ ಚೋಕು, ಅದೇ ಸಂಜೆ ಹೊತ್ತು ಗುಂಯ್ ಅನ್ನುತ್ತಲ್ಲ, ತನ್ನ ಪಾಲಿಗೆ ಇನ್ನೂ 10–15 ವ್ಯಾಟ್ ತಗೊಳ್ಳುತ್ತೆ. ಒಟ್ಟು 50 ವ್ಯಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆಗೆ ತಿಂಗಳಿಗೆ ಏಳೂವರೆ ಯೂನಿಟ್. 20 ವ್ಯಾಟಿನ ಎಲ್‌ಇಡಿ ಪಟ್ಟಿ ಹಾಕಿದರೆ 3 ಯೂನಿಟ್. ಒಂದು ಟ್ಯೂಬಿಗೆ ತಿಂಗಳಿಗೆ ನಾಲ್ಕೂವರೆ ಯೂನಿಟ್ ಉಳಿಯಿತು.

ಎರಡನೆಯದು ಝೀರೋ ಬಲ್ಬು. ಹೆಸರಷ್ಟೇ ಝೀರೋ. ಹಳೆಯ ಮೀಟರುಗಳ ಚಕ್ರ ತಿರುಗದಷ್ಟು ಕಮ್ಮಿ ಎಳೆಯುತ್ತೆ ಅನ್ನೋ ಕಾರಣಕ್ಕೆ ಆ ಹೆಸರು ಬಂತು ಅಂತಾರೆ. ನಿಜದಲ್ಲಿ ಅದು 12ರಿಂದ 15 ವ್ಯಾಟ್ ಎಳೆಯುತ್ತೆ, ಅಂದರೆ ಇಡೀ ಕೋಣೆ ಬೆಳಗಿಸೋ ಎಲ್‌ಇಡಿಗಿಂತ ಜಾಸ್ತಿ! ದೇವರಮನೆಯಲ್ಲೋ ಹಾಲಿನಲ್ಲೋ ರಾತ್ರಿ 9 ಗಂಟೆ ಕಾಲ ಬಿಟ್ಟರೆ ತಿಂಗಳಿಗೆ 4 ಯೂನಿಟ್. ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪ ಸಿಗುತ್ತೆ.

ಫ್ಯಾನು ಬೆಳಕಿನ ವಿಷಯ ಅಲ್ಲ ನಿಜ. ಆದರೂ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ ಆಗಿರೋದರಿಂದ ಹೇಳಿಬಿಡೋಣ. 75 ವ್ಯಾಟಿನ ಸಾಮಾನ್ಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11ರ ಒಳಗೆ. ಬೆಲೆ ಮಾತ್ರ ಹೆಚ್ಚು, ಹಾಗಾಗಿ ಟ್ಯೂಬಿನಷ್ಟು ಸಲೀಸಾಗಿ ಬದಲಿಸುವಂಥದ್ದಲ್ಲ.

ಗೃಹಜ್ಯೋತಿ: ನೀವು ಯಾವ ಕಡೆ ಇದ್ದೀರಿ?

200 ಯೂನಿಟ್ ಉಚಿತ ಅನ್ನೋದು ಘೋಷಣೆ. ನಿಯಮ ಅಷ್ಟು ಸರಳವಾಗಿಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಬರೋದು ನಿಮ್ಮ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುವುದಾಗಿ 2024ರ ಜನವರಿಯಲ್ಲಿ ಸಂಪುಟ ತೀರ್ಮಾನಿಸಿತು. ಮಿತಿಯೊಳಗೆ ಇದ್ದರೆ ಬಿಲ್ಲಿಲ್ಲ. ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ.

200ರ ಅಂಚಿನಲ್ಲಿ ಇರುವವರ ಕತೆ ಮೊದಲು ನೋಡೋಣ. ಸರಾಸರಿ 170 ಇದ್ದ ಮನೆಯ ಮಿತಿ 187. ಬೇಸಿಗೆಯ ಒಂದು ತಿಂಗಳು ಬಳಕೆ 205 ಆಯ್ತು ಅನ್ನಿ. ಯೂನಿಟ್‌ಗೆ 6 ರೂಪಾಯಿ ಆಸುಪಾಸು ಅಂತ ಹಿಡಿದರೂ 1,200 ರೂಪಾಯಿ, ಮೇಲೆ ನಿಗದಿತ ಶುಲ್ಕ, ತೆರಿಗೆ. ಅದೇ ಮನೆಯಲ್ಲಿ ಎರಡು ಹಳೆಯ ಟ್ಯೂಬ್ ಬದಲಿಸಿದ್ದರೆ 9 ಯೂನಿಟ್ ಉಳಿದು ಬಳಕೆ 196 ಆಗುತ್ತಿತ್ತು, ದುಡ್ಡು ಕಟ್ಟಬೇಕಾಗಿದ್ದು 9 ಯೂನಿಟ್‌ಗೆ ಮಾತ್ರ. ಎರಡು ಎಲ್‌ಇಡಿ ಪಟ್ಟಿಗಳ ಬೆಲೆ ಒಂದೇ ತಿಂಗಳಲ್ಲಿ ವಾಪಸ್! ನಿಮ್ಮ ಬಿಲ್ಲಿನಲ್ಲಿ 180ರಿಂದ 210ರ ನಡುವೆ ಸಂಖ್ಯೆ ಓಡಾಡುತ್ತಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಟ್ಯೂಬ್ ತರೋಕೆ ಹೋಗಬಹುದು.

ಮಿತಿಗೂ 200ಕ್ಕೂ ನಡುವೆ ಇರುವವರಿಗೆ ಹಳೆಯ ಲೆಕ್ಕವೇ ಅನ್ವಯಿಸುತ್ತೆ. ಉಳಿಸಿದ ಒಂದೊಂದು ಯೂನಿಟ್ಟೂ ಅವರ ಜೇಬಿಗೆ.

ಇನ್ನು ಮಿತಿಗಿಂತ ಎಷ್ಟೋ ಕೆಳಗೆ ಇರೋ ಮನೆಗಳು. ಇವರು ಟ್ಯೂಬ್ ಬದಲಿಸಿದರೆ ಕೈಯಿಂದ 250 ರೂಪಾಯಿ ಹೋಗುತ್ತೆ, ಬರೋದು ಏನೂ ಇಲ್ಲ. ಲಾಭ ಸರ್ಕಾರದ ಖಜಾನೆಗೆ. "ಇನ್ಯಾಕೆ ಎಲ್‌ಇಡಿ" ಅಂತ ಕೇಳುತ್ತಿರೋದು ಈ ಮನೆಗಳು. "ಕಮ್ಮಿ ಬಳಸಿದರೆ ನಮ್ಮ ಕೋಟಾನೇ ಇಳಿಸಿಬಿಡ್ತಾರೆ" ಅನ್ನೋ ಭಯವೂ ಕೆಲವರಿಗಿದೆ. ಸದ್ಯದ ನಿಯಮದಲ್ಲಿ ಅದಕ್ಕೆ ಆಧಾರ ಇಲ್ಲ, ಲೆಕ್ಕ ಹಾಕೋದು 2022–23ರ ಬಳಕೆ ಮೇಲೆ.

ಈ ಗುಂಪಿನಲ್ಲೂ ಒಂದು ವಿಶೇಷ ಇದೆ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಕಾಲದಿಂದ ಒಂದೋ ಎರಡೋ ಬಲ್ಬಿನಲ್ಲಿ ಬದುಕಿದ ಮನೆಗಳ ಸರಾಸರಿಯೇ ಕಮ್ಮಿ, ಆದ್ದರಿಂದ ಅವರ ಮಿತಿಯೂ ಕಮ್ಮಿ. ಹೆಚ್ಚು ಬಳಸುತ್ತಿದ್ದವರಿಗೆ ಹೆಚ್ಚು ಉಚಿತ, ಕಮ್ಮಿ ಬಳಸುತ್ತಿದ್ದವರಿಗೆ ಕಮ್ಮಿ ಉಚಿತ ಅನ್ನೋ ಈ ಸೂತ್ರದ ಬಗ್ಗೆ ಜಗಳ ಮಾಡಬೇಕಾದ್ದು ಬೇಕಾದಷ್ಟಿದೆ. ಆದರೆ ಅದೇ ಮಿತಿಯೊಳಗೆ ನೋಡಿ: 30 ಯೂನಿಟ್ ಸರಾಸರಿಯ ಮನೆಗೆ 40 ಯೂನಿಟ್ ಸಿಗುತ್ತೆ. ಅಲ್ಲಿ ದಿನಕ್ಕೆ 6 ಗಂಟೆ ಉರಿಯೋ ಒಂದು 60 ವ್ಯಾಟ್ ಬಲ್ಬನ್ನು ಎಲ್‌ಇಡಿಗೆ ಬದಲಿಸಿದರೆ 9 ಯೂನಿಟ್ ಬಿಡುವಾಗುತ್ತೆ. 75 ವ್ಯಾಟಿನ ಫ್ಯಾನು ದಿನಾ 4 ಗಂಟೆ ತಿರುಗಲು ಬೇಕಾಗೋದು ಅಷ್ಟೇ. ಆ ಮನೆಯ ಮಟ್ಟಿಗೆ ಎಲ್‌ಇಡಿ ಅಂದರೆ ಬೇಸಿಗೆ ರಾತ್ರಿಗೆ ಒಂದು ಫ್ಯಾನು. ಹೀಗೆ ಉಳಿದ ಕರೆಂಟನ್ನು ಬಡವರು ಬೇರೆ ಕೆಲಸಕ್ಕೆ ಬಳಸಿದರೆ ಅದನ್ನು ಸೋರಿಕೆ ಅನ್ನೋ ಅರ್ಥಶಾಸ್ತ್ರಜ್ಞರಿದ್ದಾರೆ. ಇರಲಿ.

ಬೆಲೆ ಇಳಿಸಿದ್ದು ಯಾರು?

ಎಲ್‌ಇಡಿ ಬಲ್ಬು ಅಗ್ಗವಾಗಿದ್ದು ತಂತ್ರಜ್ಞಾನದಿಂದ ಮಾತ್ರ ಅಂತ ತಿಳಿಯೋದು ಅರ್ಧ ಸತ್ಯ. ಉಳಿದರ್ಧ ಸರ್ಕಾರಿ ಖರೀದಿ.

ಎನ್‌ಟಿಪಿಸಿ, ಪವರ್‌ಗ್ರಿಡ್, ಪಿಎಫ್‌ಸಿ, ಆರ್‌ಇಸಿ ಅನ್ನೋ ನಾಲ್ಕು ಸಾರ್ವಜನಿಕ ಕಂಪನಿಗಳು ಸೇರಿ 2009ರಲ್ಲಿ ಕಟ್ಟಿದ ಸಂಸ್ಥೆ ಇಇಎಸ್‌ಎಲ್. ಅದು 2014ರ ಆರಂಭದಲ್ಲಿ ಒಂದು ಬಲ್ಬಿಗೆ ಕೊಟ್ಟ ಬೆಲೆ 310 ರೂಪಾಯಿ. ಆಮೇಲೆ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಟೆಂಡರ್ ಕರೆಯುತ್ತಾ ಹೋಯಿತು. 2016ರ ಹೊತ್ತಿಗೆ ಖರೀದಿ ಬೆಲೆ 38 ರೂಪಾಯಿಗೆ ಬಂತು! ಅಂಗಡಿಗಳ ಬೆಲೆಯೂ ಅದರ ಹಿಂದೆಯೇ ಇಳಿಯಿತು. ಇಷ್ಟು ಬಲ್ಬು ಕೊಳ್ಳುತ್ತೇವೆ ಅನ್ನೋ ಖಾತ್ರಿ ಸಿಕ್ಕಾಗ ತಯಾರಕರು ಬೆಲೆ ಇಳಿಸುತ್ತಾರೆ, ಇಷ್ಟೇ ಇದರ ಗುಟ್ಟು.

ಇದರ ಶ್ರೇಯಸ್ಸಿನ ಜಗಳ ಬೇರೆ ಇದೆ. 2015ರ ಜನವರಿ 5ರಂದು ಪ್ರಧಾನಿ ಮೋದಿ ರಾಷ್ಟ್ರಮಟ್ಟದಲ್ಲಿ ಚಾಲನೆ ಕೊಟ್ಟ ಕಾರ್ಯಕ್ರಮಕ್ಕೆ ಆಮೇಲೆ ಉಜಾಲಾ ಅಂತ ಹೆಸರಾಯ್ತು. ಅದಕ್ಕೂ ಮೊದಲು ಪುದುಚೇರಿಯಲ್ಲಿ ಪ್ರಯೋಗ ಶುರುವಾಗಿತ್ತು. ಅದಕ್ಕೂ ಹಿಂದೆ, 2009ರಲ್ಲಿ, ಯುಪಿಎ ಸರ್ಕಾರ ಸಿಎಫ್‌ಎಲ್ ಹಂಚಲು ಬಚತ್ ಲ್ಯಾಂಪ್ ಯೋಜನೆ ತಂದಿತ್ತು. ಕರ್ನಾಟಕದಲ್ಲಿ 2015ರ ಕೊನೆಗೆ ಸಿದ್ದರಾಮಯ್ಯ ಸರ್ಕಾರ "ಹೊಸ ಬೆಳಕು" ಹೆಸರಲ್ಲಿ 9 ವ್ಯಾಟ್ ಬಲ್ಬನ್ನು 100 ರೂಪಾಯಿಗೆ ಮಾರಿತು. ಬಲ್ಬು ಪೂರೈಸಿದ್ದು ಅದೇ ಇಇಎಸ್‌ಎಲ್. ಎರಡೂ ಪಕ್ಷದವರು ಫೋಟೊ ಹಾಕಿಕೊಂಡರು, ಕೆಲಸ ಮಾಡಿದ್ದು ಸಾರ್ವಜನಿಕ ವಲಯ.

ಉಜಾಲಾದಲ್ಲಿ ಹಂಚಿಕೆಯಾದ ಬಲ್ಬು ಸುಮಾರು 36.8 ಕೋಟಿ. ವರ್ಷಕ್ಕೆ ಉಳಿತಾಯ 4,700 ಕೋಟಿಗೂ ಹೆಚ್ಚು ಯೂನಿಟ್ ಅನ್ನುತ್ತೆ ಸರ್ಕಾರ. ಈ ಸಂಖ್ಯೆಯನ್ನ ಯಾರೂ ಮೀಟರ್ ಇಟ್ಟು ಅಳೆದಿಲ್ಲ, ಅದು ಅಂದಾಜಿನ ಗುಣಾಕಾರ. ಭಾಗಿಸಿ ನೋಡಿದರೆ ಒಂದು ಬಲ್ಬಿಗೆ ವರ್ಷಕ್ಕೆ ಸುಮಾರು 128 ಯೂನಿಟ್ ಉಳಿತಾಯ. 60 ವ್ಯಾಟ್ ತೆಗೆದು 9 ಹಾಕಿದರೆ ಉಳಿಯೋದು 51 ವ್ಯಾಟ್. ಅಂದರೆ ಪ್ರತಿಯೊಂದು ಬಲ್ಬೂ ವರ್ಷವಿಡೀ ದಿನಕ್ಕೆ ಹತ್ತಿರ ಹತ್ತಿರ 7 ಗಂಟೆ ಉರಿದಿರಬೇಕು, ಪ್ರತಿಯೊಂದೂ ತಂತಿ ಬಲ್ಬಿನ ಜಾಗಕ್ಕೇ ಹೋಗಿರಬೇಕು, ಒಂದೂ ಕೆಟ್ಟಿರಬಾರದು. ನಮ್ಮ ಬಚ್ಚಲಿನ ಬಲ್ಬು ದಿನಕ್ಕೆ ಒಂದು ಗಂಟೆ ಉರಿದರೆ ಹೆಚ್ಚು. ಎಷ್ಟೋ ಮನೆಯಲ್ಲಿ ಎಲ್‌ಇಡಿ ಬಂದಿದ್ದು 14 ವ್ಯಾಟಿನ ಸಿಎಫ್‌ಎಲ್ ಜಾಗಕ್ಕೆ, ಅಲ್ಲಿ ಉಳಿತಾಯ ಬರೀ 5 ವ್ಯಾಟ್. ಯೋಜನೆ ಗೆದ್ದಿದೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ, ಜಾಹೀರಾತಿನ ಅಂಕಿ ಅಷ್ಟೂ ನಿಜ ಅನ್ನೋದರಲ್ಲಿ ಇದೆ.

ಸಂಜೆ ಏಳೂವರೆಯ ಕರೆಂಟು

ದೀಪದ ಕರೆಂಟಿಗೂ ಉಳಿದ ಕರೆಂಟಿಗೂ ಒಂದು ವ್ಯತ್ಯಾಸ ಇದೆ. ಎಲ್ಲರ ಮನೆಯಲ್ಲೂ ದೀಪ ಹತ್ತೋದು ಒಂದೇ ಹೊತ್ತಿಗೆ, ಸೂರ್ಯ ಮುಳುಗಿದ ಮೇಲೆ. ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕು ಆ ಹೊತ್ತಿಗೆ ಸೊನ್ನೆ. ಆಗ ಭಾರ ಹೊರೋದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳು, ಶರಾವತಿಯ ನೀರು, ಹೊರಗಿನಿಂದ ತರೋ ಕರೆಂಟು. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 700 ಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ.

ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೇ ಬೇಕು ಅನ್ನುವವರು ಮುಂದಿಡೋ ವಾದವೂ ಇದೇ ಸಂಜೆಯ ಬೇಡಿಕೆ. ಬೇರೆ ಹೊತ್ತಿನ ಹೆಚ್ಚುವರಿ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ಕರೆಂಟು ಮಾಡೋದು. ಎತ್ತಲು ಖರ್ಚಾಗೋ ಕರೆಂಟು ವಾಪಸ್ ಬರೋದಕ್ಕಿಂತ ಜಾಸ್ತಿ ಅನ್ನೋದನ್ನ ಯಾರೂ ಅಲ್ಲಗಳೆಯಲ್ಲ.

ಟ್ಯೂಬ್‌ಲೈಟ್ ಬದಲಿಸಿದರೆ ಆ ಯೋಜನೆಯೇ ಬೇಡ ಅಂತ ಹೇಳೋಕೆ ಬರಲ್ಲ, ಬೇಡಿಕೆಯಲ್ಲಿ ಎಸಿ, ಕೈಗಾರಿಕೆ, ಪಂಪ್‌ಸೆಟ್ ಎಲ್ಲ ಇವೆ. ಆದರೂ ಲೆಕ್ಕ ಹಾಕಿ. 1 ಕೋಟಿ ಮನೆಗಳಲ್ಲಿ ಸಂಜೆ ಉರಿಯುತ್ತಿರೋ ತಲಾ ಒಂದೇ ಒಂದು ಹಳೆಯ ಟ್ಯೂಬ್ ಬದಲಾದರೆ ತಲಾ 30 ವ್ಯಾಟಿನಂತೆ 300 ಮೆಗಾವಾಟ್. ತಲಾ ಒಂದು ಫ್ಯಾನು ಬಿಎಲ್‌ಡಿಸಿ ಆದರೆ ಇನ್ನೂ 450. ಒಂದು ಮರವನ್ನೂ ಕಡಿಯದೆ ಸಿಗೋ ಮೆಗಾವಾಟುಗಳಿವು. ಮಲೆನಾಡಿನ ಕಾಡಿನ ಮೇಲೆ ನಿರ್ಧಾರ ಆಗೋ ಮೇಜಿನ ಮೇಲೆ ಈ ಲೆಕ್ಕವೂ ಇರಬೇಕಾಗಿತ್ತು.

ಖಜಾನೆ ಕಡೆಯಿಂದಲೂ ನೋಡೋಣ. ಗೃಹಜ್ಯೋತಿಗೆ ಸರ್ಕಾರ ವರ್ಷಕ್ಕೆ 10 ಸಾವಿರ ಕೋಟಿ ರೂಪಾಯಿ ಆಸುಪಾಸು ಇಡುತ್ತಿದೆ. ಮಿತಿಯೊಳಗಿನ ಒಂದು ಮನೆಯ ಒಂದು ಟ್ಯೂಬ್ ಬದಲಾದರೆ ವರ್ಷಕ್ಕೆ 54 ಯೂನಿಟ್, ಸರ್ಕಾರಕ್ಕೆ 320 ರೂಪಾಯಿ ಉಳಿತಾಯ. ಎಲ್‌ಇಡಿ ಪಟ್ಟಿ ಅಂಗಡಿಯಲ್ಲೇ 200ರಿಂದ 300ಕ್ಕೆ ಸಿಗುತ್ತೆ. ಕೋಟಿ ಲೆಕ್ಕದಲ್ಲಿ ಟೆಂಡರ್ ಕರೆದರೆ ಇನ್ನೂ ಇಳಿಯುತ್ತೆ, 310 ರೂಪಾಯಿಯ ಬಲ್ಬು 38ಕ್ಕೆ ಇಳಿದಿದ್ದನ್ನ ನೋಡಿದ್ದೇವೆ. ಬಿಲ್ ಕಟ್ಟೋದು ಸರ್ಕಾರ ಆದ ಮೇಲೆ ಟ್ಯೂಬ್ ಬದಲಿಸೋದರ ಲಾಭವೂ ಸರ್ಕಾರದ್ದೇ. ಆ ಖರ್ಚನ್ನು ಮಿತಿಯೊಳಗಿರೋ ಮನೆಯವರ ತಲೆಗೆ ಕಟ್ಟಿ "ವಿದ್ಯುತ್ ಉಳಿಸಿ" ಅಂತ ಗೋಡೆ ಬರಹ ಬರೆಸೋದರಲ್ಲಿ ಅರ್ಥವಿಲ್ಲ. ಹಳೆಯ ಟ್ಯೂಬ್, ಚೋಕು ತಂದುಕೊಟ್ಟರೆ ಹೊಸ ಪಟ್ಟಿ ಉಚಿತ ಅಂತ ಎಸ್ಕಾಂ ಕೌಂಟರಿನಲ್ಲಿ ಬೋರ್ಡ್ ಹಾಕಿದರೆ ಸಾಕು. ಇದು ಹೊಸ ಆಲೋಚನೆ ಏನಲ್ಲ. 2021ರಲ್ಲಿ ಶುರುವಾದ ಗ್ರಾಮ ಉಜಾಲಾದಲ್ಲಿ ಉರಿಯುತ್ತಿರೋ ಹಳೆಯ ಬಲ್ಬು ಕೊಟ್ಟವರಿಗೆ 10 ರೂಪಾಯಿಗೆ ಎಲ್‌ಇಡಿ ಸಿಗುತ್ತಿತ್ತು.

ಕೊಳ್ಳುವಾಗ, ಹಾಕುವಾಗ

ಸರ್ಕಾರ ಎದ್ದೇಳೋ ತನಕ ಕಾಯಲಾಗದವರಿಗೆ, ಮುಖ್ಯವಾಗಿ 200ರ ಅಂಚಿನವರಿಗೆ, ಕೆಲವು ಮಾತು.

ಡಬ್ಬಿ ಮೇಲೆ ಲ್ಯೂಮೆನ್ ನೋಡಿ, ಅದನ್ನು ವ್ಯಾಟಿನಿಂದ ಭಾಗಿಸಿ. 100ರ ಆಸುಪಾಸು ಅಥವಾ ಮೇಲೆ ಇದ್ದರೆ ಒಳ್ಳೆಯದು. ಲ್ಯೂಮೆನ್ ಬರೆದೇ ಇಲ್ಲ ಅಂದರೆ ಬೇಡ. ಬಿಐಎಸ್ ಗುರುತಿನ ಜೊತೆ "ಆರ್" ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಅದು ಅಸಲಿಯೋ ಅಲ್ಲವೋ ಅಂತ ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು. ಸಂತೆಯಲ್ಲಿ 30–40 ರೂಪಾಯಿಗೆ ಗುಡ್ಡೆ ಹಾಕಿ ಮಾರೋ ಬಲ್ಬುಗಳಲ್ಲಿ ಇದು ಇರಲ್ಲ. ಬಿಲ್ಲು ಇಟ್ಟುಕೊಳ್ಳಿ, ವಾರಂಟಿ ಸಿಗೋದು ಬಿಲ್ಲಿದ್ದರೆ ಮಾತ್ರ.

"ಎಲ್‌ಇಡಿ ವರ್ಷಾನುಗಟ್ಟಲೆ ಬರುತ್ತೆ ಅಂದ್ರು, ಆರು ತಿಂಗಳಿಗೇ ಹೋಯ್ತು" ಅನ್ನೋ ದೂರು ಸುಳ್ಳಲ್ಲ. ಸಾಯೋದು ಬಹುಪಾಲು ಎಲ್‌ಇಡಿ ಚಿಪ್ಪಲ್ಲ, ಬುಡದಲ್ಲಿರೋ ಡ್ರೈವರ್ ಸರ್ಕ್ಯೂಟು. ಅದಕ್ಕೆ ಶಾಖ ಆಗಲ್ಲ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಹಾಕಿದರೆ ಬೇಗ ಹೋಗುತ್ತೆ. ಹಳ್ಳಿಗಳಲ್ಲಿ ವೋಲ್ಟೇಜ್ ಏರಿಳಿತವೂ ಸೇರುತ್ತೆ, ಅಲ್ಲಿ ಹೆಚ್ಚು ವೋಲ್ಟೇಜ್ ತಡೆಯೋ ಮಾದರಿಗೆ 20 ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಬಣ್ಣದ ವಿಷಯ ರುಚಿಗೆ ಬಿಟ್ಟದ್ದು. 6500 ಕೆಲ್ವಿನ್ ಅಂದರೆ ನೀಲಿಮಿಶ್ರಿತ ಬಿಳಿ, 3000 ಅಂದರೆ ಹಳೆಯ ಬಲ್ಬಿನ ಹಳದಿ ಛಾಯೆ. ಮಲಗೋ ಕೋಣೆಗೆ ಹಳದಿ ಒಳ್ಳೇದು, ನೀಲಿ ಹೆಚ್ಚಿರೋ ಬೆಳಕು ನಿದ್ದೆಯನ್ನ ಮುಂದೂಡುತ್ತೆ.

ಹಳೆಯ ಟ್ಯೂಬಿನ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವವರು ಚೋಕು, ಸ್ಟಾರ್ಟರ್ ತೆಗೆಸಿ ವೈರಿಂಗ್ ಬದಲಿಸಬೇಕು, ಅದು ಎಲೆಕ್ಟ್ರಿಷಿಯನ್ ಕೆಲಸ. ಅದಕ್ಕಿಂತ ಇಡೀ ಪಟ್ಟಿಯನ್ನೇ ತೆಗೆದು ಎಲ್‌ಇಡಿ ಪಟ್ಟಿ ಹಾಕೋದು ಸುಲಭ. ಎರಡು ಸ್ಕ್ರೂ, ಎರಡು ವೈರು. ಮೇನ್ ಸ್ವಿಚ್ ಆಫ್ ಮಾಡಿ ಕೆಲಸಕ್ಕೆ ಇಳಿಯಿರಿ. ಬಾಡಿಗೆ ಮನೆಯವರು ಮಾಲೀಕರ ಹಳೆಯ ಪಟ್ಟಿಯನ್ನು ಅಟ್ಟದ ಮೇಲೆ ಇಟ್ಟು, ಮನೆ ಬಿಡುವಾಗ ಅದನ್ನೇ ಹಾಕಿ ತಮ್ಮದನ್ನು ಬಿಚ್ಚಿಕೊಂಡು ಹೋಗಬಹುದು.

ತೆಗೆದಿದ್ದನ್ನ ಏನು ಮಾಡೋದು?

ತಂತಿ ಬಲ್ಬಿನದ್ದು ತಕರಾರಿಲ್ಲ, ಕಾಗದದಲ್ಲಿ ಸುತ್ತಿ ಒಣಕಸಕ್ಕೆ ಕೊಡಿ. ಟ್ಯೂಬ್‌ಲೈಟು, ಸಿಎಫ್‌ಎಲ್ ಹಾಗಲ್ಲ, ಅವುಗಳೊಳಗೆ ಪಾದರಸ ಇದೆ. ಒಂದು ಸಿಎಫ್‌ಎಲ್‌ನಲ್ಲಿ ಕೆಲವೇ ಮಿಲಿಗ್ರಾಂ ಇರಬಹುದು, ಕಸದ ರಾಶಿಯಲ್ಲಿ ಒಡೆಯೋದು ಮಾತ್ರ ಸಾವಿರಗಟ್ಟಲೆ. ಅದನ್ನ ಉಸಿರಾಡೋದು ಪೌರಕಾರ್ಮಿಕರು, ಗುಜರಿ ಆಯುವವರು. ಪಾದರಸದ ಬಗೆಗಿನ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದೆ. ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಕೂತು, ಉದ್ದ ಟ್ಯೂಬ್‌ಲೈಟುಗಳ ತಯಾರಿಕೆ ಮತ್ತು ವ್ಯಾಪಾರವನ್ನು 2027ರೊಳಗೆ ನಿಲ್ಲಿಸಲು ತೀರ್ಮಾನಿಸಿವೆ. ಸಿಎಫ್‌ಎಲ್‌ಗೆ ಗಡುವು ಇನ್ನೂ ಮೊದಲೇ ಇತ್ತು. ಹಾಗಾಗಿ ಹಳೆಯ ಟ್ಯೂಬಿಗೆ ಬದಲಿ ಟ್ಯೂಬ್ ಹುಡುಕೋದೇ ಇನ್ನು ಮುಂದೆ ಕಷ್ಟ.

ನಮ್ಮ ಇ–ತ್ಯಾಜ್ಯ ನಿಯಮದ ಪ್ರಕಾರ ಇವು ಇ–ತ್ಯಾಜ್ಯ, ಹಸಿ ಕಸದ ಜೊತೆಗೂ ಒಣ ಕಸದ ಜೊತೆಗೂ ಹೋಗುವಂತಿಲ್ಲ. ಹೊಸ ಪಟ್ಟಿ ಬಂದ ರಟ್ಟಿನ ಡಬ್ಬಿಯಲ್ಲೇ ಹಳೆಯ ಟ್ಯೂಬನ್ನು ಇಟ್ಟು, ಕಸದ ಗಾಡಿಯವರಿಗೆ "ಇದು ಟ್ಯೂಬ್‌ಲೈಟು" ಅಂತ ಹೇಳಿ ಬೇರೆಯಾಗಿ ಕೊಡಿ, ಅಥವಾ ಇ–ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಿ. ಮನೆಯೊಳಗೇ ಒಡೆದರೆ ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಎಲ್ಲರೂ ಹೊರಗಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಪೊರಕೆ ಹಾಕಿದರೆ ಪುಡಿ ಗಾಳಿಗೆ ಏಳುತ್ತೆ. ಎರಡು ರಟ್ಟಿನ ತುಂಡಿನಿಂದ ಚೂರು ಬಾಚಿ, ಉಳಿದ ಪುಡಿಯನ್ನು ಗಮ್ ಟೇಪಿನಿಂದ ಒತ್ತಿ ತೆಗೆದು, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮೇಲೆ "ಪಾದರಸ" ಅಂತ ಬರೆದು ಕೊಡಿ.